ಹುಲಿಪಟ್ಟೆ: ನಮ್ಮ ಪಕ್ಕದ ಪಟ್ಟಣದ ಯುದ್ಧಕಾಲದ ಡಿಸೈನು

ಪೋಸ್ಟ್ 1

ಒಂದು ಅಂಚೆ ಚೀಟಿಯಿಂದ ಶುರು ಮಾಡ್ತೀನಿ. ಆಮೇಲೆ ನಮ್ಮ ಜಿಲ್ಲೆಗೇ ಬರ್ತೀನಿ, ಸ್ವಲ್ಪ ತಾಳ್ಮೆ ಇರಲಿ.

2022ರ ಏಪ್ರಿಲ್ 12. ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಬಂದು ಇನ್ನೂ ಏಳು ವಾರ ತುಂಬಿರಲಿಲ್ಲ. ಅಂಥ ಹೊತ್ತಲ್ಲಿ ಅಲ್ಲಿನ ಅಂಚೆ ಇಲಾಖೆ ಒಂದು ಹೊಸ ಸ್ಟಾಂಪ್ ತಂತು. ಚಿತ್ರ ಬರೆದವರು ಬೋರಿಸ್ ಗ್ರೋಹ್. ದಡದ ಮೇಲೆ ಒಬ್ಬ ಸೈನಿಕ ನಮಗೆ ಬೆನ್ನು ಹಾಕಿ ನಿಂತಿದ್ದಾನೆ, ಎದುರಿಗೆ ಕಡಲಲ್ಲಿ ರಷ್ಯಾದ ಯುದ್ಧನೌಕೆ. ಸೈನಿಕ ಕೈ ಎತ್ತಿ ಆ ಹಡಗಿಗೆ ಒಂದು ಬೆರಳು ತೋರಿಸ್ತಿದ್ದಾನೆ. ಯಾವ ಬೆರಳು ಅಂತ ನಾನು ಹೇಳಬೇಕಿಲ್ಲ. ಹಾವಿನ ದ್ವೀಪ ಅಂತ ಕರೆಯೋ ಒಂದು ಪುಟ್ಟ ದ್ವೀಪದಲ್ಲಿ ಇದ್ದ ಕಾವಲುಗಾರರಿಗೆ ಶರಣಾಗಿ ಅಂತ ಹಡಗಿಂದ ಆಜ್ಞೆ ಬಂದಾಗ ಅವರು ಕೊಟ್ಟ ಬೈಗುಳದ ಉತ್ತರವೇ ಈ ಚಿತ್ರದ ಮೂಲ. ಹತ್ತು ಲಕ್ಷ ಪ್ರತಿ ಅಚ್ಚಾಯ್ತು, ಜನ ಕ್ಯೂ ನಿಂತು ತಗೊಂಡ್ರು. ಎರಡೇ ದಿನಕ್ಕೆ, ಏಪ್ರಿಲ್ 14ರಂದು, ರಷ್ಯಾದ ಕಪ್ಪು ಸಮುದ್ರ ನೌಕಾಪಡೆಯ ಮುಖ್ಯ ಹಡಗು ಮಾಸ್ಕ್ವಾ ಮುಳುಗೇ ಹೋಯ್ತು.

ಹಡಗು ಮುಳುಗಿದ್ದು ಕ್ಷಿಪಣಿಯಿಂದ, ಸ್ಟಾಂಪಿನಿಂದ ಅಲ್ಲ, ಅದು ಗೊತ್ತಿರೋ ವಿಷಯ. ಆದರೂ ಆ ಸುದ್ದಿ ನೆನಪಾದ್ರೆ ಈಗಲೂ ಜನರ ಕಣ್ಮುಂದೆ ಬರೋದು ಆ ಪುಟ್ಟ ಚಿತ್ರವೇ. ಈ ಸೀರೀಸ್ ಪೂರ್ತಿ ಅದರ ಬಗ್ಗೆನೇ: ಯುದ್ಧದ ಹೊತ್ತಲ್ಲಿ ಒಂದು ರಾಜ್ಯ ತನ್ನ ಚಿತ್ರವನ್ನ ಹೇಗೆ ಬರ್ಕೊಳ್ಳುತ್ತೆ, ಆ ಚಿತ್ರಕ್ಕೆ ಆಮೇಲೆ ಏನಾಗುತ್ತೆ.

ಪೋಸ್ಟ್ 2

ಉಕ್ರೇನಿನಲ್ಲಿ ಇದು 2022ರಲ್ಲಿ ದಿಢೀರ್ ಅಂತ ಹುಟ್ಟಿದ್ದಲ್ಲ. 2014ರಲ್ಲಿ ಕ್ರಿಮಿಯಾ ಕೈ ತಪ್ಪಿದ ಮೇಲೆ ಅಲ್ಲಿನ ಚಿತ್ರಕಾರರು ಗುಂಪು ಕಟ್ಕೊಂಡ್ರು. ಪಿಕ್ಟೋರಿಕ್ ಅನ್ನೋ ಗುಂಪಿನ ಪೋಸ್ಟರ್‌ಗಳು ಎಷ್ಟೋ ದೇಶಗಳಲ್ಲಿ ಪ್ರದರ್ಶನ ಕಂಡಿವೆ. ಲ್ವೀವ್ ಊರಿನ ಅಗ್ರಾಫ್ಕಾ ಸ್ಟುಡಿಯೋದ ರೊಮಾನಾ ರೊಮಾನಿಶಿನ್ ಮತ್ತು ಆಂಡ್ರಿ ಲೆಸಿವ್ ಮಕ್ಕಳಿಗೆ ಅಂತ ಯುದ್ಧದ ಕುರಿತೇ ಒಂದು ಚಿತ್ರಪುಸ್ತಕ ಮಾಡಿದ್ರು, ರೊಂಡೋ ಅನ್ನೋ ಊರಿಗೆ ಯುದ್ಧ ಬರೋ ಕಥೆ. 2015ರಲ್ಲಿ ಬೊಲೊನ್ಯಾ ಮಕ್ಕಳ ಪುಸ್ತಕ ಮೇಳದಲ್ಲಿ ಅದಕ್ಕೆ ಮನ್ನಣೆ ಸಿಕ್ತು.

ನನಗೆ ಇದಕ್ಕಿಂತ ಇಷ್ಟವಾದ ಮನುಷ್ಯ ಒಬ್ಬ ಇದ್ದಾನೆ, ಹೆಯೋರ್ಹಿ ನಾರ್ಬುತ್. ಹುಟ್ಟಿದ್ದು 1886, ತೀರಿಕೊಂಡಿದ್ದು 1920, ಬದುಕಿದ್ದು ಬರೀ 34 ವರ್ಷ. 1917ರಲ್ಲಿ ಉಕ್ರೇನ್ ತನ್ನ ಕಾಲ ಮೇಲೆ ನಿಲ್ಲೋಕೆ ಹೊರಟಾಗ ಅದಕ್ಕೆ ಮೊದಲು ಬೇಕಾಗಿದ್ದು ನೋಟು. (ಬಿಕಾಂ ಓದೋರಿಗೆ ಇದು ಥಟ್ ಅಂತ ಅರ್ಥ ಆಗುತ್ತೆ. ದೇಶ ಅಂದ್ಮೇಲೆ ದುಡ್ಡು ಬೇಕಲ್ಲ.) 100 ಕಾರ್ಬೊವಾನೆತ್ಸ್ ನೋಟಿನ ಡಿಸೈನ್ ಮಾಡಿದ್ದು ಇವನೇ. ಅದರಲ್ಲಿ ತ್ರಿಶೂಲದಂಥ ಒಂದು ಗುರುತು ಇಟ್ಟ. ಅದನ್ನ ಅವನು ಹೊಸದಾಗಿ ಕಲ್ಪಿಸ್ಕೊಂಡಿರಲಿಲ್ಲ, ಸಾವಿರ ವರ್ಷ ಹಿಂದೆ ಕೀವ್ ಆಳಿದ ವೊಲೊದಿಮಿರ್ ದೊರೆಯ ನಾಣ್ಯಗಳ ಮೇಲೆ ಅದು ಇತ್ತು. ಹಳೇ ನಾಣ್ಯದಿಂದ ಹೊಸ ನೋಟಿಗೆ ಬಂತು. 1992ರಲ್ಲಿ ಸ್ವತಂತ್ರ ಉಕ್ರೇನಿನ ಲಾಂಛನ ಆಯ್ತು. 2023ರ ಆಗಸ್ಟಲ್ಲಿ ಕೀವ್‌ನ ದೊಡ್ಡ ಮಾತೃಭೂಮಿ ಪ್ರತಿಮೆಯ ಗುರಾಣಿ ಮೇಲಿದ್ದ ಸೋವಿಯತ್ ಸುತ್ತಿಗೆ ಕುಡುಗೋಲನ್ನ ಕಿತ್ತು ಅಲ್ಲೂ ಇದನ್ನೇ ಕೂರಿಸಿದ್ರು.

ಈಗ ಬೆಳ್ಳೂರು ಕ್ರಾಸಿಗೆ ಬನ್ನಿ.

ಪೋಸ್ಟ್ 3

(ಮೊದಲೇ ಹೇಳ್ಬಿಡ್ತೀನಿ, ನಮ್ಮದು ಬೆಳ್ಳೂರು, ನಾಗಮಂಗಲ ತಾಲ್ಲೂಕು. ಬೇಲೂರು ಅಲ್ಲ. "ಚೆನ್ನಕೇಶವ ದೇವಸ್ಥಾನ ನಿಮ್ಮನೆ ಹತ್ರಾನಾ" ಅಂತ ಕೇಳೋ ಬೆಂಗಳೂರು ಫಾಲೋವರ್ಸ್‌ಗೆ ಈ ಸಾಲು ಅರ್ಪಣೆ.)

ಕ್ರಾಸಲ್ಲಿ ಬಸ್ ಹತ್ತಿ ನಾಗಮಂಗಲ ದಾಟಿ, ಪಾಂಡವಪುರ ದಾಟಿದ್ರೆ ಶ್ರೀರಂಗಪಟ್ಟಣ. ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು, ಗೊತ್ತಾ? ಹೈದರ್ ಮತ್ತು ಟಿಪ್ಪು ಕಡೆ ಇದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ರು, ಅದಕ್ಕೆ. ಆ ಫ್ರೆಂಚರಲ್ಲಿ ಒಬ್ಬನ ಮುಖ ಮುಂದಿನ ಪೋಸ್ಟಲ್ಲಿ ಬರುತ್ತೆ.

ಪಟ್ಟಣದಲ್ಲಿ ದರಿಯಾ ದೌಲತ್ ಬಾಗ್. ನೀವು ಸ್ಕೂಲ್ ಟೂರಲ್ಲಿ ಹೋಗಿರ್ತೀರ, ಸಾಲಾಗಿ ನಿಂತು ಒಳಗೆ ಹೋಗಿ ಸಾಲಾಗಿ ಹೊರಗೆ ಬಂದಿರ್ತೀರ. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ ಅದು, ಹೆಚ್ಚಿನದೆಲ್ಲ ತೇಗದ ಮರ. ಈಗ ಕೇಂದ್ರ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿದೆ. ಒಳಗಿನ ಮ್ಯೂಸಿಯಂ ನೋಡೋ ಅವಸರದಲ್ಲಿ ಎಲ್ಲರೂ ದಾಟಿ ಹೋಗೋದು ಪಶ್ಚಿಮದ ಹೊರಗೋಡೆಯನ್ನ. ಬಿಸಿಲು ಬೀಳದ ಹಾಗೆ ಪರದೆ ಇಳಿಬಿಟ್ಟಿರ್ತಾರೆ, ಆ ನೆರಳಲ್ಲಿ ಗೋಡೆ ತುಂಬ ಜನ, ಕುದುರೆ, ಆನೆ, ಬಂದೂಕು, ಕತ್ತರಿಸಿ ಬಿದ್ದ ತಲೆ.

ಅದು 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಲ್ಲಿ ನಡೆದ ಕಾಳಗ. ಹೈದರಾಲಿ ಮತ್ತು ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವಿಲಿಯಂ ಬೇಲಿಯ ಪಡೆಯನ್ನ ಪೂರ್ತಿ ಮುಗಿಸಿದ ದಿನ. ಬೇಲಿಗೆ ಸಹಾಯಕ್ಕೆ ಬರಬೇಕಿದ್ದ ಜನರಲ್ ಹೆಕ್ಟರ್ ಮನ್ರೋ ಕೆಲವೇ ಮೈಲಿ ದೂರದಲ್ಲಿದ್ದ, ಬರಲೇ ಇಲ್ಲ, ತನ್ನ ಭಾರಿ ತೋಪುಗಳನ್ನ ಕಾಂಚಿಯ ದೇವಸ್ಥಾನದ ಕೊಳಕ್ಕೆ ತಳ್ಳಿ ಮದ್ರಾಸಿಗೆ ವಾಪಸ್ ಹೊರಟ. ಬೇಲಿ ಸೆರೆಸಿಕ್ಕಿ ಶ್ರೀರಂಗಪಟ್ಟಣಕ್ಕೆ ಬಂದ. ಇಲ್ಲೇ 1782ರಲ್ಲಿ ಸತ್ತ. ಗುಂಬಜ್ ಹತ್ತಿರ ಅವನ ಸ್ಮಾರಕ ಇದೆ.

ಪೋಸ್ಟ್ 4

ಗೋಡೆಯನ್ನ ಓದೋಣ. ಫೋಟೋ ಜೂಮ್ ಮಾಡ್ಕೊಂಡು ಜೊತೆಗೆ ಬನ್ನಿ.

ಮಧ್ಯದಲ್ಲಿ ಕೆಂಪು ಕೋಟಿನ ಬ್ರಿಟಿಷ್ ಸೈನಿಕರು ಚೌಕಾಕಾರದಲ್ಲಿ ನಿಂತಿದ್ದಾರೆ. ಆ ಚೌಕದ ಒಳಗೆ ಪಲ್ಲಕ್ಕಿ, ಪಲ್ಲಕ್ಕಿ ಒಳಗೆ ಗಾಯಗೊಂಡ ಬೇಲಿ, ಬೆರಳು ಕಚ್ಕೊಂಡು ಕೂತಿದ್ದಾನೆ. ನಮ್ಮಲ್ಲಿ ಪರೀಕ್ಷೆ ಹಾಲಲ್ಲಿ ಪ್ರಶ್ನೆಪತ್ರಿಕೆ ನೋಡಿದ ತಕ್ಷಣ ಕೂರೋ ಭಂಗಿ. ಹತ್ತಿರದಲ್ಲೇ ಮದ್ದುಗುಂಡಿನ ಬಂಡಿ ಸಿಡೀತಿದೆ. ಕಾಳಗ ಕೈಬದಲಾಗಿದ್ದೇ ಆ ಸ್ಫೋಟದಿಂದ, ಅದನ್ನ ಚಿತ್ರಕಾರ ಮರೆತಿಲ್ಲ. ಫ್ರೆಂಚ್ ಅಧಿಕಾರಿ ಲಾಲಿ ದುರ್ಬೀನು ಹಿಡಿದು ನೋಡ್ತಿದ್ದಾನೆ. ಸುತ್ತ ಮೈಸೂರಿನ ಕುದುರೆ ಸವಾರರು ಅಲೆ ಅಲೆಯಾಗಿ ಒಳಗೆ ನುಗ್ತಿದ್ದಾರೆ. ಇಷ್ಟೆಲ್ಲ ಗಲಾಟೆ ನಡುವೆ ಟಿಪ್ಪು ಮಾತ್ರ ಕೈಯಲ್ಲಿ ಗುಲಾಬಿ ಹಿಡ್ಕೊಂಡು ಆರಾಮಾಗಿದ್ದಾನೆ. ಇನ್ನೊಂದು ಕಡೆ ಹೈದರಾಬಾದಿನ ನಿಜಾಮ, ಎಲ್ಲ ಮುಗಿದ ಮೇಲೆ ತಡವಾಗಿ ಬರ್ತಿದ್ದಾನೆ. ಅದು ಅಪ್ಪಟ ಲೇವಡಿ. ಈಗಿನ ಕಾಲಕ್ಕೆ ಮೀಮ್.

ಯುರೋಪಿನ ಚಿತ್ರಗಳ ಹಾಗೆ ಇಲ್ಲಿ ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು ಅನ್ನೋ ಲೆಕ್ಕ ಇಲ್ಲ. ದೂರ ಇರೋರು ಮೇಲಿನ ಸಾಲಲ್ಲಿ, ಹತ್ತಿರ ಇರೋರು ಕೆಳಗಿನ ಸಾಲಲ್ಲಿ, ಪದರದ ಮೇಲೆ ಪದರ. "ಬರೆಯೋಕೆ ಬರ್ತಿರಲಿಲ್ಲ" ಅಂತ ಕೆಲವು ಹಳೇ ಬ್ರಿಟಿಷ್ ಪ್ರವಾಸಿಗರು ಮೂಗು ಮುರಿದಿದ್ದಾರೆ. ನಾನು ಒಪ್ಪಲ್ಲ. ದೂರದಿಂದ ನಡ್ಕೊಂಡು ಬರೋನಿಗೆ ಇಡೀ ಗೋಡೆ ಒಂದು ಲಯದಲ್ಲಿ ಕಾಣಬೇಕು, ಹತ್ತಿರ ಬಂದ್ರೆ ಒಂದೊಂದು ಮುಖ ಒಂದೊಂದು ಕಥೆ ಹೇಳಬೇಕು, ಎರಡೂ ಕೆಲಸ ಅದು ಮಾಡುತ್ತೆ.

ಇನ್ನೊಂದು ಗಮನಿಸಿ. 1784ರ ಮಾರ್ಚಲ್ಲಿ ಮಂಗಳೂರು ಒಪ್ಪಂದ ಆಗಿ ಆ ಯುದ್ಧ ನಿಂತಿತ್ತು. ಹೈದರ್ 1782ರ ಡಿಸೆಂಬರಲ್ಲೇ ತೀರಿಕೊಂಡಿದ್ದ, ಬೇಲಿಯೂ ಇರಲಿಲ್ಲ. ಅಂದ್ರೆ ಅರಮನೆ ಎದ್ದಿದ್ದು ಶಾಂತಿ ಒಪ್ಪಂದ ಆದ ವರ್ಷದಲ್ಲಿ, ಗೋಡೆ ಮೇಲೆ ಎದ್ದಿದ್ದು ನಾಲ್ಕು ವರ್ಷ ಹಿಂದಿನ ಗೆಲುವು. ಭೇಟಿಗೆ ಬರೋ ಯಾವ ರಾಯಭಾರಿಯೂ ಅದನ್ನ ನೋಡದೇ ಹೋಗೋಕೆ ಆಗ್ತಿರಲಿಲ್ಲ. ಜಾಗದ ಆಯ್ಕೆಯೇ ಅರ್ಧ ಡಿಸೈನು.

ಊರೊಳಗೂ ಇಂಥದ್ದೇ ಇತ್ತು. ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಬರೀತಾನೆ, ಪಟ್ಟಣದ ಮುಖ್ಯ ಬೀದಿಯ ಮನೆಗೋಡೆಗಳ ಮೇಲೆ ಟಿಪ್ಪು ಆಜ್ಞೆಯಂತೆ ಇಂಗ್ಲಿಷರ ಆಳೆತ್ತರದ ವ್ಯಂಗ್ಯಚಿತ್ರ ಬರೆಸಿದ್ರಂತೆ, ಹುಲಿ ಹಿಡಿದ ಇಂಗ್ಲಿಷಿನವ ನಡುಗ್ತಿರೋದು, ಕುದುರೆ ಸವಾರ ತಲೆ ಹಾರಿಸ್ತಿರೋದು, ಹೀಗೆ. ಬೀದಿ ಗೋಡೆ ಪೋಸ್ಟರು, 18ನೇ ಶತಮಾನದ್ದು. ಒಂದೂ ಉಳಿದಿಲ್ಲ.

ಪೋಸ್ಟ್ 5

ಈ ಪೋಸ್ಟ್ ನನಗೆ ಎಲ್ಲಕ್ಕಿಂತ ಮುಖ್ಯ, ಸ್ವಲ್ಪ ಉದ್ದ ಆಗುತ್ತೆ.

ಗುಂಬಜ್ ಒಳಗೆ ಹೋಗಿ ಗೋಡೆ ನೋಡಿ. ಹೂವಿಲ್ಲ, ಬಳ್ಳಿಯಿಲ್ಲ. ಸಣ್ಣ ಸಣ್ಣ ಅಲೆಯಂಥ ಪಟ್ಟೆ, ಎರಡೂ ತುದಿ ಚೂಪು, ಮಧ್ಯ ದಪ್ಪ, ಸ್ವಲ್ಪ ಬಳುಕು. ಅದೇ ಹುಲಿಪಟ್ಟೆ. ಬಬ್ರಿ ಅಂತ ಅದಕ್ಕೆ ಹೆಸರು.

ಈ ಒಂದು ಪಟ್ಟೆಯನ್ನ ಎಲ್ಲೆಲ್ಲಿ ಹಾಕಿದ್ರು ಅಂತ ನೋಡಿ: ಬಂದೂಕಿನ ನಳಿಗೆ, ಕತ್ತಿಯ ಹಿಡಿ, ತೋಪು, ಸಿಂಹಾಸನ, ಸೈನಿಕರ ಬಟ್ಟೆ. ನೇರಳೆ ಬಣ್ಣದ ಬಟ್ಟೆ ಮೇಲೆ ಬಿಳಿ ಗುರುತಿನ ಸಮವಸ್ತ್ರವನ್ನ ಬ್ರಿಟಿಷರು ಹುಲಿ ಜಾಕೆಟ್ ಅಂತಲೇ ಬರೆದಿದ್ದಾರೆ. ತೋಪಿನ ಬಾಯಿ ಹುಲಿಯ ಬಾಯಿ. ಕುಪ್ಪಳಿಸಿ ಕೂತ ಹುಲಿಯ ಆಕಾರದ್ದೇ ಮಾರ್ಟರ್ ತೋಪು. ಸಿಂಹಾಸನದ ಅಂಚಿನ ಸುತ್ತ ರತ್ನ ಕೂರಿಸಿದ ಎಂಟು ಚಿನ್ನದ ಹುಲಿತಲೆ. ಆಯುಧಗಳ ಮೇಲೆ ಅರಬ್ಬಿ ಅಕ್ಷರಗಳನ್ನೇ ಹೆಣೆದು ಮಾಡಿದ ಹುಲಿಮುಖ ಬೇರೆ: ಒಂದು ವಾಕ್ಯವನ್ನ ಎಡಬಲ ಕನ್ನಡಿ ಥರ ಬರೆದ್ರೆ ಕಣ್ಣು, ಮೂಗು, ಮೀಸೆ ಮೂಡುತ್ತೆ. ಆ ವಾಕ್ಯದ ಅರ್ಥ ದೇವರ ಸಿಂಹವೇ ಜಯಶಾಲಿ ಅಂತ. ಹೈದರ್ ಅನ್ನೋ ಹೆಸರಿನ ಅರ್ಥವೂ ಸಿಂಹವೇ, ಅಲಿಯ ಬಿರುದು ಅದು. ಹಾಗಾಗಿ ಅಪ್ಪನ ಹೆಸರು, ದೇವರ ಹೆಸರು, ಹುಲಿ ಮೂರೂ ಒಂದೇ ಮುಖದಲ್ಲಿ ಕೂತವು.

ನಮ್ಮ ಮಾರ್ಕೆಟಿಂಗ್ ಪೇಪರಲ್ಲಿ ಬ್ರ್ಯಾಂಡ್ ಐಡೆಂಟಿಟಿ ಅಂತ ಒಂದು ಪಾಠ ಬರುತ್ತಲ್ಲ, ಲೋಗೋ ಮುಚ್ಚಿದ್ರೂ ಕಂಪನಿ ಯಾವುದು ಅಂತ ಗೊತ್ತಾಗಬೇಕು ಅಂತ? ಅಲ್ಲಿ ಕೊಡೋ ಉದಾಹರಣೆ ಎಲ್ಲ ಅಮೆರಿಕದ ತಂಪು ಪಾನೀಯ, ಅಮೆರಿಕದ ಶೂ. ಇಡೀ ಹುಲಿ ಬರೆಯೋದೇ ಬೇಡ, ಅದರ ಚರ್ಮದ ಒಂದು ಗೆರೆ ಸಾಕು ಅಂತ 240 ವರ್ಷ ಹಿಂದೆ ಕಾವೇರಿ ದ್ವೀಪದಲ್ಲಿ ಯಾರೋ ಕೂತು ಯೋಚಿಸಿದ್ದಾರೆ. ಉಗುರಿನಷ್ಟು ಚಿಕ್ಕದಾಗಿ ಬಂದೂಕಿನ ಕುದುರೆ ಮೇಲೂ ಕೂರುತ್ತೆ, ಗೋಡೆಯಷ್ಟು ದೊಡ್ಡದಾಗೂ ಹರಡುತ್ತೆ, ಕೆತ್ತಬಹುದು, ನೇಯಬಹುದು, ಎರಕ ಹೊಯ್ಯಬಹುದು, ಬಣ್ಣ ಯಾವುದಾದ್ರೂ ಆಗುತ್ತೆ. ಇವತ್ತು ಡಿಸೈನ್ ಓದೋರನ್ನ ಕೇಳಿ, ಒಳ್ಳೇ ಗುರುತಿಗೆ ಇನ್ನೇನು ಬೇಕು ಅಂತ.

ಇನ್ನು ಆ ಪ್ರಸಿದ್ಧ ಗೊಂಬೆ. ಮರದ ಹುಲಿ ಒಬ್ಬ ಯುರೋಪಿಯನ್ನನ ಎದೆ ಮೇಲೆ ಕೂತಿದೆ, ಹಿಡಿ ತಿರುಗಿಸಿದ್ರೆ ಹುಲಿ ಗುರ್ರ್ ಅನ್ನುತ್ತೆ, ಕೆಳಗಿನವನು ಕೈ ಆಡಿಸಿ ನರಳ್ತಾನೆ, ಹೊಟ್ಟೆಯೊಳಗೆ ಒಂದು ಪುಟ್ಟ ಆರ್ಗನ್ ವಾದ್ಯ. ಉದ್ದ 178 ಸೆಂಟಿಮೀಟರ್, ಹೆಚ್ಚುಕಮ್ಮಿ ಒಬ್ಬ ಆಳಿನಷ್ಟು. ಪೊಲ್ಲಿಲೂರಿಗೆ ಬಾರದೇ ಹೋದ ಜನರಲ್ ಮನ್ರೋ ನೆನಪಿದ್ದಾನಲ್ಲ? ಅವನ ಮಗ 1792ರಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿ ಬಾಯಿಗೆ ಸಿಕ್ಕಿ ಸತ್ತ, ಗೊಂಬೆಗೆ ಅದೇ ಸ್ಫೂರ್ತಿ ಅನ್ನೋದು ಒಂದು ವಾದ. ಬೀದಿ ಗೋಡೆ ಮೇಲೆ ಹುಲಿ ಇಂಗ್ಲಿಷರನ್ನ ಹಿಡಿಯೋ ಚಿತ್ರ ಇದ್ದಿದ್ದನ್ನ ನೋಡಿದ್ರೆ ಆ ಸಾವು ಬೇಕೇ ಬೇಕಿತ್ತು ಅಂತ ನನಗೇನೂ ಅನ್ನಿಸಲ್ಲ.

ಪೋಸ್ಟ್ 6

ದುಡ್ಡಿನ ವಿಷಯ. ಬೇಗ ಮುಗಿಸ್ತೀನಿ.

ಹೈದರ್ ತನ್ನ ಚಿನ್ನದ ನಾಣ್ಯದ ಮೇಲೆ ಇಕ್ಕೇರಿ ಅರಸರ ಶಿವ ಪಾರ್ವತಿಯನ್ನ ಹಾಗೇ ಉಳಿಸ್ಕೊಂಡು, ಹಿಂದುಗಡೆ ತನ್ನ ಹೆಸರಿನ ಮೊದಲ ಅಕ್ಷರ ಒಂದನ್ನ ಮಾತ್ರ ಅರಬ್ಬಿಯಲ್ಲಿ ಹಾಕಿದ. ಜನ ನಂಬಿದ ನಾಣ್ಯದ ಮುಖ ಬದಲಿಸಿದ್ರೆ ಸಂತೆಯಲ್ಲಿ ಯಾರೂ ತಗೊಳ್ಳಲ್ಲ ಅನ್ನೋ ಲೆಕ್ಕಾಚಾರ. ಟಿಪ್ಪು ಬೇರೆ ದಾರಿ ಹಿಡಿದ. ತಾಮ್ರದ ಕಾಸಿನ ಮೇಲೆ ಆನೆ. ಬೆಲೆಗೆ ತಕ್ಕ ಹಾಗೆ ನಾಣ್ಯಗಳಿಗೆ ಹೆಸರು: ತಾಮ್ರದ ಪೈಸೆ ಜೊಹ್ರಾ ಅಂದ್ರೆ ಶುಕ್ರಗ್ರಹ, ಅರ್ಧ ಪೈಸೆ ಬಹ್ರಾಮ್ ಅಂದ್ರೆ ಮಂಗಳ. ತನ್ನದೇ ಒಂದು ಶಕೆ ತಂದು ವರ್ಷದ ಅಂಕಿಗಳನ್ನ ಬಲದಿಂದ ಎಡಕ್ಕೆ ಬರೆಸಿದ. ಆ ಶಕೆಯ ಒಳಗಿದ್ದಿದ್ದು ಮಾತ್ರ ನಮ್ಮದೇ 60 ಸಂವತ್ಸರದ ಚಕ್ರ, ವರ್ಷದ ಮೊದಲ ತಿಂಗಳು ನಮ್ಮ ಚೈತ್ರಕ್ಕೆ ಸರಿಯಾಗಿ ಬರ್ತಿತ್ತು.

1799ರಲ್ಲಿ ಅವನು ಸತ್ತ ಮೇಲೆ ಐದು ವರ್ಷದ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರ್ ಪಟ್ಟಕ್ಕೆ ಬಂದ್ರು. ಅವರ ತಾಮ್ರದ ಕಾಸಿನ ಮೇಲೂ ಆನೆ ಮುಂದುವರೀತು, ಅದರ ಮೇಲೆ ಕನ್ನಡದಲ್ಲಿ ಶ್ರೀ, ಸೂರ್ಯ ಚಂದ್ರರ ಜೊತೆ. ಮನೆತನ ಬದಲಾದ್ರೂ ಆನೆ ಕೆಲಸ ಬಿಡಲಿಲ್ಲ.

ಪೋಸ್ಟ್ 7

ಕಾಮೆಂಟಲ್ಲಿ ಜಗಳ ಶುರುವಾಗಿದೆ ಅಂತ ಗೊತ್ತು. ಟಿಪ್ಪು ಹೆಸರು ಬಂದ್ರೆ ಆಗೋದೇ ಇದು. ನಾನು ತಪ್ಪಿಸ್ಕೊಂಡು ಓಡಲ್ಲ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಮಂಡ್ಯಂ ಅಯ್ಯಂಗಾರರ ಕೆಲವು ಮನೆಗಳಲ್ಲಿ ನರಕ ಚತುರ್ದಶಿ ಆಚರಿಸಲ್ಲ. ಯಾಕೆ ಅಂತ ಕೇಳಿದ್ರೆ ಟಿಪ್ಪು ಕಾಲದ ಸಾವುಗಳ ಮಾತು ಬರುತ್ತೆ. ಅದೇ ಮೇಲುಕೋಟೆ ದೇವಸ್ಥಾನಕ್ಕೆ ಟಿಪ್ಪು ಬೆಳ್ಳಿ ಬಂಗಾರದ ಪಾತ್ರೆ ಕೊಟ್ಟಿದ್ದಾನೆ, ಶ್ರೀರಂಗಪಟ್ಟಣದ ರಂಗನಾಥನಿಗೂ ಕೊಟ್ಟಿದ್ದಾನೆ. ಕೊಡಗಿಗೆ ಹೋದ್ರೆ ಇನ್ನೊಂದು ನೆನಪು. ಗುಲಾಬಿ ಹಿಡಿದ ಆ ಮುಖವನ್ನ ಈ ಊರುಗಳ ಬೇರೆ ಬೇರೆ ಮನೆಯವರು ಬೇರೆ ಬೇರೆ ಥರ ನೋಡ್ತಾರೆ, ಅವರ್ಯಾರೂ ಸುಳ್ಳು ಹೇಳ್ತಿಲ್ಲ. ದರಿಯಾ ದೌಲತ್ ಗೋಡೆಯಲ್ಲಿ ಇದ್ಯಾವುದೂ ಇಲ್ಲ. ಅದು ಅರಮನೆಯವರು ದುಡ್ಡು ಕೊಟ್ಟು ಬರೆಸಿದ ಗೋಡೆ, ಗೆದ್ದ ದಿನ ಮಾತ್ರ ಅಲ್ಲಿದೆ. ಉಕ್ರೇನಿನ ಸ್ಟಾಂಪನ್ನೂ ಹೀಗೇ ನೋಡಬೇಕು ಅಂತ ನನ್ನ ಅಭಿಪ್ರಾಯ: ಅಲ್ಲಿ ಒಬ್ಬ ಸೈನಿಕ, ಒಂದು ಹಡಗು, ಅಷ್ಟೇ, ಸತ್ತವರು ಚೌಕಟ್ಟಿನ ಹೊರಗೆ. ಯಾರ ಮೇಲೆ ಯಾರು ಯುದ್ಧ ತಂದ್ರು ಅನ್ನೋದರಲ್ಲಿ ನನಗೆ ಗೊಂದಲ ಇಲ್ಲ, ಆದ್ರೆ ಚಿತ್ರ ಏನನ್ನ ಬಿಟ್ಟಿದೆ ಅಂತ ನೋಡೋದನ್ನ ನಾವು ನಿಲ್ಲಿಸಬಾರದು.

ಹುಲಿ ಎಲ್ಲಿಂದ ಬಂತು ಅನ್ನೋದಕ್ಕೆ ಒಂದು ಮಾತು. ಅದು ಹೊರಗಿಂದ ತಂದ ಗುರುತಲ್ಲ. ಹುಲಿ ಈ ಸೀಮೆಯಲ್ಲಿ ದೇವಿಯ ವಾಹನ, ಕಾಡಂಚಿನ ಊರುಗಳ ಹೆದರಿಕೆ. ಹೊಯ್ಸಳರ ಲಾಂಛನ ನೆನಪಿಸ್ಕೊಳ್ಳಿ, ಮೃಗದ ಮೇಲೆ ಎರಗ್ತಿರೋ ಸಳ, ಕೆಲವರು ಅದನ್ನ ಸಿಂಹ ಅಂತಾರೆ, ಕೆಲವರು ಹುಲಿ ಅಂತಾರೆ. ಅಲ್ಲಿ ಗೆಲ್ಲೋದು ಮನುಷ್ಯ. ಟಿಪ್ಪುವಿನ ಗೊಂಬೆಯಲ್ಲಿ ಮನುಷ್ಯ ಕೆಳಗೆ, ಮೃಗ ಮೇಲೆ. ಗೊಂಬೆ ಮಾಡಿದವರು ಬೇಕಂತಲೇ ತಿರುಗಿಸಿದ್ರು ಅಂತ ನಾನು ಹೇಳಲ್ಲ. ಎರಡು ಫೋಟೋ ಪಕ್ಕಪಕ್ಕ ಹಾಕಿದ್ದೀನಿ, ನೀವೇ ಸ್ವೈಪ್ ಮಾಡಿ.

ಪೋಸ್ಟ್ 8

1799ರ ಮೇ 4. ಕೋಟೆ ಬಿತ್ತು, ಟಿಪ್ಪು ಸತ್ತ. ಆಮೇಲೆ ಬ್ರಿಟಿಷರು ಮಾಡಿದ ಡಿಸೈನ್ ಕೆಲಸ ನೋಡಿ, ಅದೂ ಕಮ್ಮಿಯಿಲ್ಲ.

ಯುದ್ಧದಲ್ಲಿದ್ದವರಿಗೆ ಕೊಡೋಕೆ ಒಂದು ಪದಕ. ವಿನ್ಯಾಸ ಕುಖ್ಲರ್ ಅನ್ನೋ ಕಲಾವಿದನದು, ಅಚ್ಚು ಹಾಕಿದ್ದು ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆ. ಒಂದು ಕಡೆ ಬ್ರಿಟಿಷ್ ಸಿಂಹ ಹುಲಿಯನ್ನ ನೆಲಕ್ಕೆ ಕೆಡವಿದೆ. ಮೇಲೆ ಒಂದು ಬಾವುಟ, ಬಾವುಟದ ಮೇಲೆ ಅರಬ್ಬಿ ಬರಹ. ಏನಂತ ಗೊತ್ತಾ? ದೇವರ ಸಿಂಹವೇ ಜಯಶಾಲಿ. ಟಿಪ್ಪುವಿನ ಹುಲಿಮುಖದಲ್ಲಿದ್ದ ಅದೇ ವಾಕ್ಯ! ಅವನ ಘೋಷಣೆಯನ್ನೇ ಕಿತ್ತುಕೊಂಡು, ಸಿಂಹ ಅಂದ್ರೆ ಈಗ ನಾವು ಅಂತ ಬರ್ಕೊಂಡ್ರು. ಹುಲಿಗೆ ಹುಲಿಯಿಂದಲೇ ಉತ್ತರ. ಇಷ್ಟು ಚುರುಕಾದ, ಇಷ್ಟು ಕ್ರೂರವಾದ ಡಿಸೈನ್ ನಾನು ಇನ್ನೊಂದು ನೋಡಿಲ್ಲ. ತಾವು ಸೋಲಿಸಿದವನ ಗುರುತು ಎಷ್ಟು ಗಟ್ಟಿಯಾಗಿತ್ತು ಅಂತ ಅವರಿಗೇ ಗೊತ್ತಿತ್ತು, ಇಲ್ಲದಿದ್ರೆ ಅದನ್ನ ತಿರುಗಿಸೋ ತೊಂದರೆ ಯಾಕೆ ತಗೊಳ್ತಿದ್ರು?

ಲಂಡನ್ನಿನಲ್ಲಿ 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಅನ್ನೋ ಹುಡುಗ ಶ್ರೀರಂಗಪಟ್ಟಣದ ಮುತ್ತಿಗೆಯನ್ನ 120 ಅಡಿ ಉದ್ದದ ಚಿತ್ರ ಮಾಡಿ ಪ್ರದರ್ಶನಕ್ಕೆ ಇಟ್ಟ. ಅವನಿಗೆ ಆಗ 22, 23 ವಯಸ್ಸು, ನಮಗಿಂತ ಎರಡು ಮೂರು ವರ್ಷ ದೊಡ್ಡವನು. ಶ್ರೀರಂಗಪಟ್ಟಣವನ್ನ ಕಣ್ಣಲ್ಲಿ ಕಂಡವನಲ್ಲ. ಜನ ಟಿಕೆಟ್ ಕೊಂಡು ಮುಗಿಬಿದ್ದು ನೋಡಿದ್ರು. ಆ ಚಿತ್ರ ಆಮೇಲೆ ಬೆಂಕಿಗೆ ಸಿಕ್ಕಿ ಹೋಯ್ತು, ಅದರ ಅಚ್ಚಿನ ಪ್ರತಿಗಳು ಮಾತ್ರ ಉಳಿದಿವೆ.

ಸಿಂಹಾಸನವನ್ನ ಗೆದ್ದವರು ಹಂಚ್ಕೊಳ್ಳೋಕೆ ಅಂತ ತುಂಡು ತುಂಡು ಮಾಡಿದ್ರು. ಪಾಲುದಾರಿಕೆ ವಿಸರ್ಜನೆಯ ಅಕೌಂಟ್ಸ್ ಲೆಕ್ಕ ಮಾಡುವಾಗ ನನಗೆ ಯಾಕೋ ಇದೇ ನೆನಪಾಗುತ್ತೆ. ಎಂಟು ಹುಲಿತಲೆಗಳಲ್ಲಿ ಒಂದನ್ನ ದೇಶದಿಂದ ಹೊರಗೆ ಸಾಗಿಸದ ಹಾಗೆ 2021ರ ನವೆಂಬರಲ್ಲಿ ಬ್ರಿಟನ್ ಸರ್ಕಾರ ತಾತ್ಕಾಲಿಕ ತಡೆ ಹಾಕ್ತು, ಬೆಲೆ 15 ಲಕ್ಷ ಪೌಂಡ್. ಯಾವ ದೇಶದಿಂದ ಹೊರಗೆ ಅಂತ ಇನ್ನೊಂದ್ಸಲ ಓದ್ಕೊಳ್ಳಿ.

ಮರದ ಹುಲಿ 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಲ್ಲಿ ಕೂತ್ಕೊಳ್ತು. ಬಂದೋರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಪಕ್ಕದ ಲೈಬ್ರರಿಯಲ್ಲಿ ಓದೋಕೆ ಕೂತವರಿಗೆ ತಲೆಚಿಟ್ಟು ಹಿಡೀತಿತ್ತಂತೆ. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಲ್ಲಿದೆ, ಗಾಜಿನೊಳಗೆ. ಯಾರೂ ತಿರುಗಿಸೋ ಹಾಗಿಲ್ಲ.

ಪೋಸ್ಟ್ 9

ಕೊನೇದು, ಗೋಡೆಗೆ ಏನಾಯ್ತು.

ಬ್ರಿಟಿಷರ ಸೈನ್ಯ ಬಾಗಿಲಿಗೆ ಬಂದಾಗ ಟಿಪ್ಪುವೇ ಪೊಲ್ಲಿಲೂರಿನ ಚಿತ್ರದ ಮೇಲೆ ಸುಣ್ಣ ಬಳಿಸಿದ. ಬೀದಿಯ ವ್ಯಂಗ್ಯಚಿತ್ರಗಳನ್ನೂ ಅಳಿಸಿದ್ರು. ಗೆದ್ದಾಗ ಬರೆಸಿದ್ದನ್ನ ಸೋಲು ಹತ್ತಿರ ಬಂದಾಗ ಮುಚ್ಚಿದ್ದು. ಆಮೇಲೆ ಆ ಅರಮನೆಯಲ್ಲಿ ವಾಸಕ್ಕೆ ಬಂದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನ ಸೋಲಿಸಿದ ಅದೇ ವೆಲ್ಲಿಂಗ್ಟನ್. ತನ್ನವರು ಸೋತ ಚಿತ್ರವನ್ನ ಅವನು ಮತ್ತೆ ಬರೆಸಿದ! 1850ರ ದಶಕದಲ್ಲಿ ಲಾರ್ಡ್ ಡಾಲ್‌ಹೌಸಿ ಬಂದು ನೋಡಿ, ಮಾಸಿ ಹೋಗಿದ್ದನ್ನ ಇನ್ನೊಂದ್ಸಲ ಬರೆಸಿದ. ಇವತ್ತು ನಾವು ಸೆಲ್ಫಿ ತಗೊಳ್ಳೋ ಗೋಡೆ ಟಿಪ್ಪು ಹಾಕಿಸಿದ ಗೆರೆ, ಬ್ರಿಟಿಷರು ತುಂಬಿಸಿದ ಬಣ್ಣ. ಬೇಲಿ ಬೆರಳು ಕಚ್ಚೋದು ಮಾತ್ರ ನಿಂತಿಲ್ಲ.

ಈ ಗೋಡೆಯ ದೃಶ್ಯ ಕಾಗದದ ಮೇಲೂ ಇದೆ. ಹತ್ತು ದೊಡ್ಡ ಹಾಳೆ, ಸೇರಿಸಿದ್ರೆ ಸುಮಾರು 32 ಅಡಿ. 2022ರ ಮಾರ್ಚ್ 30ರಂದು ಲಂಡನ್ನಿನ ಸೋದಬೀಸ್ ಹರಾಜಲ್ಲಿ 6,30,000 ಪೌಂಡಿಗೆ ಹೋಯ್ತು. ಉಕ್ರೇನಿನ ಸ್ಟಾಂಪ್ ಬರೋಕೆ ಎರಡು ವಾರ ಮುಂಚೆ.

ಸ್ಟಾಂಪ್ ಬರೆದವನ ಹೆಸರು ನಮಗೆ ಗೊತ್ತು, ಬೋರಿಸ್ ಗ್ರೋಹ್. ನೋಟು ಬರೆದವನ ಹೆಸರು ಗೊತ್ತು, ನಾರ್ಬುತ್. ಪದಕ ಮಾಡಿದವನದೂ ಗೊತ್ತು. ಪಟ್ಟಣದ ಗೋಡೆ ಬರೆದವರ ಹೆಸರು ಗೋಡೆ ಮೇಲೆ ಇಲ್ಲ. ಬಬ್ರಿ ಪಟ್ಟೆಯನ್ನ ಮೊದಲು ಎಳೆದ ಕೈ ಯಾರದ್ದು ಅಂತಲೂ ಎಲ್ಲೂ ಬರೆದಿಟ್ಟಿಲ್ಲ. "ನಮ್ಮಲ್ಲಿ ಹೆಸರು ಹಾಕೋ ಪದ್ಧತಿನೇ ಇರಲಿಲ್ಲ, ಕಲಾವಿದರು ವಿನಯವಂತರು" ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಇದೇ ನಮ್ಮ ನಾಲ್ಕು ತಾಲ್ಲೂಕಲ್ಲಿ, ಟಿಪ್ಪುಗಿಂತ 500 ವರ್ಷಕ್ಕೂ ಹಿಂದೆ, ಹೆಸರು ಹಾಕಿದವರಿದ್ದಾರೆ. ಪೇಪರಲ್ಲಿ "ಗೆಲುವಿನ ರೂವಾರಿ" ಅಂತ ಕ್ರಿಕೆಟ್ ಆಟಗಾರರಿಗೆ ಬರೀತಾರಲ್ಲ, ಆ ರೂವಾರಿ ಅನ್ನೋದು ಮೊದಲು ಶಿಲ್ಪಿಯ ಹೆಸರು. ಕಲ್ಲಲ್ಲಿ ರೂಪ ಬಿಡಿಸೋನು ರೂವಾರಿ. ಹೊಯ್ಸಳರ ರೂವಾರಿ ಮಲ್ಲಿತಮ್ಮ ಸೋಮನಾಥಪುರದಲ್ಲಿ ಸುಮಾರು 40 ಶಿಲ್ಪಗಳ ಮೇಲೆ ತನ್ನ ಹೆಸರು ಕೆತ್ತಿದ್ದಾನೆ. ಸೋಮನಾಥಪುರ ಆಗಿದ್ದು 13ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಅವನು ಕೆ.ಆರ್. ಪೇಟೆ ತಾಲ್ಲೂಕಿಗೆ ಬಂದಿದ್ದ.

ಹೋಗಬೇಕು ಅಂದ್ರೆ, ಕಿಕ್ಕೇರಿ ಹತ್ತಿರ ಗೋವಿಂದನಹಳ್ಳಿ, ಪಂಚಲಿಂಗೇಶ್ವರ ದೇವಸ್ಥಾನ. ಐದು ಗರ್ಭಗುಡಿ ಒಂದೇ ಸಾಲಲ್ಲಿ ಇರುತ್ತೆ. ದ್ವಾರಪಾಲಕರ ಶಿಲ್ಪದ ಹತ್ತಿರ ನಿಂತು ನಿಧಾನಕ್ಕೆ ಹುಡುಕಿ, ಹಳಗನ್ನಡ ಅಕ್ಷರ ಓದೋಕೆ ಸ್ವಲ್ಪ ಕಷ್ಟ, ಮೊಬೈಲ್ ಟಾರ್ಚನ್ನ ಪಕ್ಕದಿಂದ ಹಿಡಿದ್ರೆ ನೆರಳು ಬಿದ್ದು ಸ್ಪಷ್ಟ ಕಾಣುತ್ತೆ. ರೂವಾರಿ ಮಲ್ಲಿತಮ್ಮ ಅಂತ ಇದೆ.